ಸಾಲ, ಲೇಖನಿ ಮತ್ತು ಕಾದಂಬರಿ: ಪ್ರೇಮಚಂದರ ಬದುಕಿನ ಬಿಕ್ಕಟ್ಟುಗಳು ಹಾಗೂ ಪರಂಪರೆ

ಆಧುನಿಕ ಭಾರತೀಯ ಕಾದಂಬರಿಯ ಚರಿತ್ರೆಯಲ್ಲಿ ಪ್ರೇಮಚಂದರ (1880–1936) ಹೆಸರಿನೊಡನೆ ಬಡತನದ ಚಿತ್ರವೊಂದು ಬೇರ್ಪಡಿಸಲಾಗದಂತೆ ಅಂಟಿಕೊಂಡಿದೆ. ಪತ್ನಿಯೊಡನೆ ಕುಳಿತು ತೆಗೆಸಿಕೊಂಡ ಅವರ ಭಾವಚಿತ್ರವೊಂದರಲ್ಲಿ ಹರಿದ ಪಾದರಕ್ಷೆಯಿಂದ ಕಾಲ್ಬೆರಳು ಹೊರಗೆ ಕಾಣುತ್ತದೆ. ಹಿಂದಿಯ ವಿಡಂಬನಕಾರ ಹರಿಶಂಕರ ಪರಸಾಯಿ ಆ ಚಿತ್ರವನ್ನೇ ವಸ್ತುವಾಗಿಸಿಕೊಂಡು ಬರೆದ ಪ್ರಬಂಧ ಶಾಲಾ ಪಠ್ಯಗಳ ಮೂಲಕ ಲಕ್ಷಾಂತರ ವಿದ್ಯಾರ್ಥಿಗಳನ್ನು ತಲುಪಿತು. ಹೀಗೆ ರೂಪುಗೊಂಡ ಬಡ ಲೇಖಕನ ಚಿತ್ರ ಪ್ರೇಮಚಂದರನ್ನು ಗೌರವದ ಸ್ಥಾನದಲ್ಲಿರಿಸಿತಾದರೂ ಅವರ ಬದುಕಿನ ಬಿಕ್ಕಟ್ಟುಗಳ ನಿಜವಾದ ಸ್ವರೂಪವನ್ನು ಮರೆಮಾಡಿತು. ಅವರ ಬದುಕನ್ನು ಆರಂಭದಿಂದ ಅಂತ್ಯದವರೆಗೆ ಹಿಂಬಾಲಿಸಿದ್ದು ಸಾಲ. ಬಡತನವೂ ಸಾಲವೂ ಒಂದೇ ಎಂದು ಭಾವಿಸುವುದು ಸುಲಭ. ಬಡತನವನ್ನು ಒಬ್ಬ ವ್ಯಕ್ತಿಯ ಸ್ಥಿತಿಯೆಂದು ವರ್ಣಿಸಬಹುದು, ಆದರೆ ಸಾಲವೆನ್ನುವುದು ಕೊಟ್ಟವನು, ಪಡೆದವನು, ಸಾಕ್ಷಿ ನಿಂತವನು, ಬಡ್ಡಿ ಲೆಕ್ಕ ಹಾಕುವವನು ಎಲ್ಲರನ್ನೂ ಒಳಗೊಂಡ ಸಾಮಾಜಿಕ ಸಂಬಂಧ. ಪ್ರೇಮಚಂದರು ಈ ಸಂಬಂಧವನ್ನು ಒಂದಕ್ಕಿಂತ ಹೆಚ್ಚು ಬದಿಗಳಿಂದ ಬದುಕಿ ಕಂಡವರು. 'ಗೋದಾನ'ದ ಶಕ್ತಿಯ ಮೂಲವನ್ನು ಈ ಅನುಭವದಲ್ಲಿ ಹುಡುಕುವುದು, ಅವರ ಮರಣಾನಂತರದ ಪರಂಪರೆಯನ್ನು ಅದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಮಹಿಯಿಂದ ಚುನಾರದವರೆಗೆ

ಪ್ರೇಮಚಂದರ ಜನ್ಮನಾಮ ಧನಪತರಾಯ. ಅವರು 1880ರ ಜುಲೈ 31ರಂದು ಬನಾರಸಿನ ಸಮೀಪದ ಲಮಹಿ ಗ್ರಾಮದ ಕಾಯಸ್ಥ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅಜಾಯಬಲಾಲರು ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಕಾಯಸ್ಥರ ಸಂಪ್ರದಾಯದಂತೆ ಬಾಲಕನ ವಿದ್ಯಾಭ್ಯಾಸ ಮೌಲವಿಯೊಬ್ಬರ ಬಳಿ ಉರ್ದು ಮತ್ತು ಪಾರಸಿಯಿಂದ ಆರಂಭವಾಯಿತು. ಎಂಟು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು, ತಂದೆ ಮರುಮದುವೆಯಾದರು. ಮಲತಾಯಿಯ ಮನೆಯಲ್ಲಿ ಬೆಳೆಯುವ ಮಗುವಿನ ಚಿತ್ರ ಮುಂದೆ ಅವರ ಕಥೆ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇಲ್ಲಿಯೇ ಬೀಜವಿದೆ.

1895ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಹಿರಿಯರು ಅವರಿಗೆ ತಮಗಿಂತ ಹೆಚ್ಚು ವಯಸ್ಸಿನ ಹುಡುಗಿಯೊಡನೆ ವಿವಾಹ ಮಾಡಿಸಿದರು. ಇದಾದ ಒಂದೆರಡು ವರ್ಷಗಳಲ್ಲೇ ತಂದೆ ತೀರಿಕೊಂಡರು. ಪತ್ನಿ, ಮಲತಾಯಿ, ಮಲಸೋದರರ ಹೊಣೆ ಇನ್ನೂ ಶಾಲೆಯಲ್ಲಿದ್ದ ತರುಣನ ಮೇಲೆ ಬಿತ್ತು. ಮೆಟ್ರಿಕ್ಯುಲೇಶನ್ನನ್ನು ದ್ವಿತೀಯ ದರ್ಜೆಯಲ್ಲಿ ಮುಗಿಸಿದ್ದರಿಂದ ಕ್ವೀನ್ಸ್ ಕಾಲೇಜಿನಲ್ಲಿ ಶುಲ್ಕ ವಿನಾಯಿತಿ ಸಿಗಲಿಲ್ಲ. ಹಿಂದೂ ಕಾಲೇಜಿನ ಪ್ರವೇಶಕ್ಕೆ ಗಣಿತ ಅಡ್ಡವಾಯಿತು. ವಕೀಲರೊಬ್ಬರ ಮಗನಿಗೆ ತಿಂಗಳಿಗೆ ಐದು ರೂಪಾಯಿಗೆ ಮನೆಪಾಠ ಹೇಳುತ್ತಾ, ಅದರಲ್ಲಿಯೇ ಮನೆಗೂ ಹಣ ಕಳುಹಿಸುತ್ತಾ, ಅಂಗಡಿಯವರಲ್ಲಿ ಸಾಲ ಮಾಡುತ್ತಾ ಅವರು ದಿನಗಳನ್ನು ಕಳೆದರು. ಕೈಯಲ್ಲಿದ್ದ ಗಣಿತದ ಪುಸ್ತಕವೊಂದನ್ನು ಮಾರಲು ಹೋದ ಅಂಗಡಿಯಲ್ಲಿಯೇ ಚುನಾರದ ಮಿಶನ್ ಶಾಲೆಯ ಮುಖ್ಯೋಪಾಧ್ಯಾಯರ ಭೇಟಿಯಾಗಿ, 1899ರಲ್ಲಿ ತಿಂಗಳಿಗೆ ಹದಿನೆಂಟು ರೂಪಾಯಿ ಸಂಬಳದ ಶಿಕ್ಷಕ ವೃತ್ತಿ ದೊರೆಯಿತು. ಮುಂದಿನ ವರ್ಷ ಬಹರಾಯಿಚಿನ ಸರ್ಕಾರಿ ಶಾಲೆಯಲ್ಲಿ ನೇಮಕಗೊಂಡು, ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಸರ್ಕಾರಿ ಸೇವೆಯನ್ನು ಆರಂಭಿಸಿದರು.

ಅವರ ಮೊದಲ ದಾಂಪತ್ಯ ಮುರಿದುಬಿದ್ದ ಸಂಗತಿ ಅಭಿನಂದನಾ ಬರಹಗಳಲ್ಲಿ ವಿರಳವಾಗಿ ಪ್ರಸ್ತಾಪಗೊಳ್ಳುತ್ತದೆ. ಕೌಟುಂಬಿಕ ಕಲಹದ ಬಳಿಕ ತವರಿಗೆ ಹೋದ ಪತ್ನಿಯನ್ನು ಅವರು ಮತ್ತೆ ಕರೆತರಲಿಲ್ಲ. ಆಕೆ ಬದುಕಿರುವಾಗಲೇ 1906ರಲ್ಲಿ ಬಾಲವಿಧವೆಯಾಗಿದ್ದ ಶಿವರಾಣಿ ದೇವಿಯವರನ್ನು ವಿವಾಹವಾದರು. ಸಂಪ್ರದಾಯಸ್ಥ ಸಮಾಜದಲ್ಲಿ ವಿಧವಾವಿವಾಹ ದಿಟ್ಟ ಹೆಜ್ಜೆಯೇ ಹೌದು. ಆದರೆ ಅದೇ ಹೆಜ್ಜೆಯ ಹಿಂದೆ ತವರಿನಲ್ಲಿ ಉಳಿದುಹೋದ ಇನ್ನೊಬ್ಬ ಹೆಣ್ಣಿನ ಬದುಕಿತ್ತು. ಹೆಣ್ಣಿನ ಒಪ್ಪಿಗೆಯನ್ನು ಕೇಳದ ವಿವಾಹ ಪದ್ಧತಿಯ ದುರಂತವನ್ನು 'ನಿರ್ಮಲಾ'ದಂತಹ ಕೃತಿಯಲ್ಲಿ ಚಿತ್ರಿಸಿದ ಲೇಖಕರು ಸ್ವತಃ ಆ ಪದ್ಧತಿಗೆ ಬಲಿಯಾದವರೂ ಹೌದು, ಅದರ ಫಲವನ್ನು ಒಬ್ಬ ಹೆಣ್ಣಿನ ಮೇಲೆ ಹೊರಿಸಿದವರೂ ಹೌದು. ಶಿವರಾಣಿ ದೇವಿಯವರು 1944ರಲ್ಲಿ ಪ್ರಕಟಿಸಿದ 'ಪ್ರೇಮಚಂದ್ ಘರ್ ಮೇ' ಎಂಬ ಸ್ಮೃತಿಗ್ರಂಥ ಈ ಪ್ರಸಂಗವನ್ನು ಮುಚ್ಚಿಡದೆ ದಾಖಲಿಸಿರುವುದು ಹಿಂದಿ ಜೀವನಚರಿತ್ರೆಯ ಪ್ರಾಮಾಣಿಕತೆಗೆ ನಿದರ್ಶನವಾಗಿದೆ.

ಸುಟ್ಟ ಪುಸ್ತಕ, ಬದಲಾದ ಹೆಸರು

ಧನಪತರಾಯರು ಬರವಣಿಗೆಯನ್ನು ಆರಂಭಿಸಿದ್ದು 'ನವಾಬರಾಯ' ಎಂಬ ಹೆಸರಿನಲ್ಲಿ, ಉರ್ದು ಭಾಷೆಯಲ್ಲಿ. ದೇವಾಲಯಗಳ ಅರ್ಚಕವರ್ಗದ ಅನಾಚಾರವನ್ನು ಕುರಿತ 'ಅಸ್ರಾರ್-ಎ-ಮಆಬಿದ್' ಎಂಬ ಕಿರುಕಾದಂಬರಿ 1903ರಿಂದ 1905ರವರೆಗೆ ಬನಾರಸಿನ ಉರ್ದು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ಕಾನಪುರದ 'ಜಮಾನಾ' ಪತ್ರಿಕೆಯ ಸಂಪಾದಕರಾದ ದಯಾನಾರಾಯಣ ನಿಗಮರ ಸ್ನೇಹ ಅವರನ್ನು ಗಂಭೀರ ಸಾಹಿತ್ಯಿಕ ಹಾಗೂ ರಾಜಕೀಯ ಚರ್ಚೆಗಳ ನಡುವೆ ತಂದು ನಿಲ್ಲಿಸಿತು.

ಐದು ದೇಶಭಕ್ತಿಯ ಕಥೆಗಳ ಸಂಕಲನ 'ಸೋಜ್-ಎ-ವತನ್' 1908ರಲ್ಲಿ ಪ್ರಕಟವಾದಾಗ ಅವರು ಸರ್ಕಾರಿ ನೌಕರರಾಗಿದ್ದರು. ಬಂಗಾಳ ವಿಭಜನೆಯ ನಂತರದ ದಿನಗಳವು. ಹಮೀರಪುರ ಜಿಲ್ಲೆಯಲ್ಲಿ ಶಾಲಾ ಉಪನಿರೀಕ್ಷಕರಾಗಿ ಕೆಲಸ ಮಾಡುತ್ತಿದ್ದ ಅವರನ್ನು ಜಿಲ್ಲಾಧಿಕಾರಿ ಕರೆಸಿ, ನವಾಬರಾಯ ಯಾರೆಂಬುದನ್ನು ವಿಚಾರಿಸಿ, ಕೃತಿಯಲ್ಲಿ ರಾಜದ್ರೋಹವಿದೆಯೆಂದು ಎಚ್ಚರಿಸಿದರು. ಉಳಿದ ಪ್ರತಿಗಳನ್ನು ಒಪ್ಪಿಸಿ ಸುಡಲು ಬಿಡಬೇಕಾಯಿತು. ಮುಂದೆ ಬರೆಯುವುದೆಲ್ಲವನ್ನೂ ಮೊದಲು ಅಧಿಕಾರಿಗಳಿಗೆ ತೋರಿಸಬೇಕೆಂಬ ಷರತ್ತೂ ಬಿತ್ತು. ಸಂಬಳಕ್ಕಾಗಿ ಸರ್ಕಾರವನ್ನು ಅವಲಂಬಿಸಿದ್ದ ಲೇಖಕರಿಗೆ ಆ ಅವಲಂಬನೆಯ ನಿಜವಾದ ಬೆಲೆ ಆಗ ಅರಿವಾಯಿತು. ನಿಗಮರು ಸೂಚಿಸಿದ 'ಪ್ರೇಮಚಂದ್' ಎಂಬ ಹೊಸ ಹೆಸರನ್ನು ಸ್ವೀಕರಿಸಿ 1910ರಿಂದ ಅವರು ಬರವಣಿಗೆಯನ್ನು ಮುಂದುವರಿಸಿದರು. ಭಾರತೀಯ ಸಾಹಿತ್ಯಕ್ಕೆ ಚಿರಪರಿಚಿತವಾದ ಹೆಸರೊಂದು ಹೀಗೆ ಸರ್ಕಾರಿ ಕಣ್ಗಾವಲಿನಿಂದ ತಪ್ಪಿಸಿಕೊಳ್ಳುವ ಉಪಾಯವಾಗಿ ಹುಟ್ಟಿತು.

ಎರಡು ಲಿಪಿಗಳ ಮಾರುಕಟ್ಟೆ

ಪ್ರೇಮಚಂದರು ಉರ್ದುವಿನಿಂದ ಹಿಂದಿಯ ಕಡೆಗೆ ಸರಿದ ಸಂಗತಿಯನ್ನು ಕೆಲವರು ಕೇವಲ ಭಾಷಾಭಿಮಾನದ ಪ್ರಶ್ನೆಯಾಗಿ ನೋಡಿದ್ದಾರೆ. ಉರ್ದುವಿನಲ್ಲಿ ಪ್ರಕಾಶಕರು ಸಿಗುವುದು ಕಷ್ಟವಾಗುತ್ತಿದ್ದುದು, ಹಿಂದಿ ಓದುಗವರ್ಗ ವೇಗವಾಗಿ ವಿಸ್ತರಿಸುತ್ತಿದ್ದುದು ಇದರ ಹಿಂದಿನ ಪ್ರಮುಖ ಕಾರಣಗಳು. ಇದಕ್ಕೆ 'ಸೇವಾಸದನ'ದ ಪ್ರಕಟಣೆಯ ಇತಿಹಾಸವೇ ಸಾಕ್ಷಿ. ವೇಶ್ಯಾವೃತ್ತಿಗೆ ದೂಡಲ್ಪಟ್ಟ ಗೃಹಿಣಿಯ ಕಥೆಯಾದ ಈ ಕಾದಂಬರಿಯನ್ನು ಅವರು ಮೊದಲು 'ಬಾಜಾರ್-ಎ-ಹುಸ್ನ್' ಎಂಬ ಹೆಸರಿನಲ್ಲಿ ಉರ್ದುವಿನಲ್ಲಿ ರಚಿಸಿದರು. ಆದರೆ ಕಲ್ಕತ್ತೆಯ ಹಿಂದಿ ಪ್ರಕಾಶಕರು 450 ರೂಪಾಯಿ ಸಂಭಾವನೆ ಕೊಟ್ಟು 1919ರಲ್ಲಿ ಹಿಂದಿ ರೂಪವನ್ನೇ ಮೊದಲು ಹೊರತಂದರು. ಉರ್ದು ಮೂಲವು ಲಾಹೋರಿನಿಂದ ಪ್ರಕಟವಾಗಲು 1924ರವರೆಗೆ ಕಾಯಬೇಕಾಯಿತು. ಅದಕ್ಕೆ ದೊರೆತದ್ದು 250 ರೂಪಾಯಿ. ಅಂಧ ಭಿಕ್ಷುಕ ಸೂರದಾಸನು ತನ್ನ ನೆಲವನ್ನು ಕಾರ್ಖಾನೆಗೆ ಬಿಟ್ಟುಕೊಡಲು ನಿರಾಕರಿಸುವ 'ರಂಗಭೂಮಿ' (1925) ಕೂಡ ಉರ್ದು ಕರಡಿನಿಂದ ಆರಂಭವಾಗಿ, ಹಿಂದಿಯಲ್ಲಿ ಮೊದಲು ಪ್ರಕಟವಾದ ಕೃತಿ. ಅವರು ಮೂಲತಃ ಹಿಂದಿಯಲ್ಲಿಯೇ ಬರೆದ ಮೊದಲ ಕಾದಂಬರಿಯೆಂದರೆ 1926ರ 'ಕಾಯಾಕಲ್ಪ'.

ಎರಡೂ ಭಾಷೆಗಳಲ್ಲಿ ಬರೆದು, ತಿದ್ದಿ, ಮತ್ತೆ ಬರೆಯುವ ಈ ಶ್ರಮದಿಂದ ಉರ್ದುವಿನ ಆಡುಮಾತಿನ ಲಾಲಿತ್ಯವೂ ಗ್ರಾಮೀಣ ಹಿಂದಿಯ ಗಟ್ಟಿತನವೂ ಬೆರೆತ ಗದ್ಯವೊಂದು ಸಿದ್ಧವಾಯಿತು. ಹಿಂದಿ–ಉರ್ದು ವಿವಾದ ತೀವ್ರವಾಗುತ್ತಿದ್ದ ದಶಕಗಳಲ್ಲಿ ಎರಡೂ ಪಾಳೆಯಗಳ ಓದುಗರು ತಮ್ಮವರೆಂದು ಭಾವಿಸಿದ ಲೇಖಕರು ಅತಿ ವಿರಳ.

ರಾಜೀನಾಮೆ ಮತ್ತು ಮುದ್ರಣಾಲಯ

1921ರ ಫೆಬ್ರವರಿ 8ರಂದು ಗೋರಖಪುರದಲ್ಲಿ ನಡೆದ ಸಭೆಯಲ್ಲಿ ಗಾಂಧೀಜಿಯವರು ಸರ್ಕಾರಿ ಸೇವೆಯನ್ನು ತೊರೆಯುವಂತೆ ಕರೆ ನೀಡಿದರು. ಅನಾರೋಗ್ಯದ ನಡುವೆಯೂ ಪ್ರೇಮಚಂದರು ಪತ್ನಿ ಮತ್ತು ಮಕ್ಕಳೊಡನೆ ಆ ಸಭೆಗೆ ಹೋಗಿದ್ದರು. ಎರಡು ವರ್ಷಗಳ ಹಿಂದೆಯಷ್ಟೇ, 1919ರಲ್ಲಿ, ಖಾಸಗಿಯಾಗಿ ಅಭ್ಯಾಸ ಮಾಡಿ ಬಿ.ಎ. ಪದವಿ ಪಡೆದಿದ್ದ ಅವರ ಮುಂದೆ ಬಡ್ತಿಯ ದಾರಿ ತೆರೆದಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಶಿವರಾಣಿ ದೇವಿಯವರೊಡನೆ ಸಮಾಲೋಚಿಸಿ ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಸಲ್ಲಿಸಿದರು. ಈ ತೀರ್ಮಾನದಲ್ಲಿ ಪತ್ನಿಯ ಪಾಲು ದೊಡ್ಡದು. ಮುಂದೆ 1930ರಲ್ಲಿ ವಿದೇಶಿ ಬಟ್ಟೆ ಅಂಗಡಿಗಳ ಮುಂದಿನ ಪಿಕೆಟಿಂಗಿನಲ್ಲಿ ಭಾಗವಹಿಸಿ ಸೆರೆಮನೆಗೆ ಹೋದವರೂ ಆಕೆಯೇ.

ನೌಕರಿ ಬಿಟ್ಟ ನಂತರ ಲೇಖನಿಯೊಂದರಿಂದಲೇ ಸ್ವತಂತ್ರವಾಗಿ ಬದುಕಬೇಕೆಂಬ ಹಂಬಲ 1923ರಲ್ಲಿ ಬನಾರಸಿನಲ್ಲಿ 'ಸರಸ್ವತಿ ಪ್ರೆಸ್' ಸ್ಥಾಪನೆಗೆ ಕಾರಣವಾಯಿತು. ಬಂಧುಗಳ ಹಣವೂ ಸೇರಿ ಆರಂಭವಾದ ಈ ಮುದ್ರಣಾಲಯ ಮುಂದಿನ ಹದಿಮೂರು ವರ್ಷ ಅವರಿಗೆ ನೆಮ್ಮದಿ ಕೊಡಲಿಲ್ಲ. ಕಾಗದದ ಅಂಗಡಿಯ ಬಾಕಿ, ಅಚ್ಚು ಜೋಡಿಸುವವರ ಸಂಬಳ, ಗಿರಾಕಿಗಳಿಂದ ಬಾರದ ಹಣ ಇವುಗಳ ನಡುವೆ ಕಾದಂಬರಿಗಳಿಂದ ಬಂದ ಸಂಭಾವನೆ ಕರಗಿಹೋಗುತ್ತಿತ್ತು. ಮುದ್ರಣಾಲಯದ ನಷ್ಟವನ್ನು ತುಂಬಲು ಅವರು ಲಖನೌಗೆ ತೆರಳಿ, ನವಲಕಿಶೋರ್ ಪ್ರೆಸ್ಸಿನ 'ಮಾಧುರಿ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ಸಾಲದ ನಡುವೆಯೂ 1930ರಲ್ಲಿ 'ಹಂಸ' ಮಾಸಪತ್ರಿಕೆಯನ್ನು ಆರಂಭಿಸಿದರು. 1932ರಲ್ಲಿ 'ಜಾಗರಣ' ವಾರಪತ್ರಿಕೆಯನ್ನೂ ಕೈಗೆತ್ತಿಕೊಂಡರು. ಎರಡೂ ನಷ್ಟದಲ್ಲಿಯೇ ನಡೆದವು. ರಾಷ್ಟ್ರೀಯ ಚಳವಳಿಯ ಪರವಾದ ಬರಹಗಳಿಗಾಗಿ ಸರ್ಕಾರ ಮುಚ್ಚಳಿಕೆ ಹಣ ಕೇಳುತ್ತಿದ್ದುದು ಹೊರೆಯನ್ನು ಇನ್ನಷ್ಟು ಹೆಚ್ಚಿಸಿತು.

ಪ್ರೇಮಚಂದರು ಈ ಹಂತದಲ್ಲಿ ಕೇವಲ ಸಾಲಗಾರರಾಗಿರಲಿಲ್ಲ. ಮುದ್ರಣಾಲಯದ ಒಡೆಯರಾಗಿ ಅವರು ಕಾರ್ಮಿಕರಿಗೆ ಸಂಬಳದ ಬಾಕಿ ಉಳಿಸಿಕೊಂಡವರೂ ಆಗಿದ್ದರು. 1934ರಲ್ಲಿ ಸರಸ್ವತಿ ಪ್ರೆಸ್ಸಿನ ಕಾರ್ಮಿಕರು ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಿದರು. ಶ್ರಮಜೀವಿಗಳ ಪಕ್ಷಪಾತಿಯೆಂದು ಖ್ಯಾತರಾದ ಲೇಖಕರು ತಮ್ಮದೇ ಕಾರ್ಮಿಕರ ಬೇಡಿಕೆಗೆ ಉತ್ತರಿಸಬೇಕಾದ ಈ ಸಂದರ್ಭ, ಉದ್ಯಮವೊಂದರ ಒಳಗೆ ಸಿಲುಕಿದಾಗ ಸದುದ್ದೇಶ ಎಷ್ಟರ ಮಟ್ಟಿಗೆ ಅಸಹಾಯಕವಾಗುತ್ತದೆಂಬುದನ್ನು ಅವರಿಗೆ ಸ್ವಾನುಭವದಿಂದಲೇ ಕಲಿಸಿತು.

ಮುಂಬಯಿ, ಮದರಾಸು, ಮೈಸೂರು

ಅದೇ 1934ರಲ್ಲಿ, ಪತ್ರಿಕೆ ಮತ್ತು ಮುದ್ರಣಾಲಯಗಳ ಸಾಲ ತೀರಿಸುವ ಆಸೆಯಿಂದ, ಪ್ರೇಮಚಂದರು ಮುಂಬಯಿಯ ಅಜಂತಾ ಸಿನೆಟೋನ್ ಚಲನಚಿತ್ರ ಸಂಸ್ಥೆಯೊಡನೆ ವರ್ಷಕ್ಕೆ ಎಂಟು ಸಾವಿರ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಮೋಹನ್ ಭವನಾನಿಯವರು ನಿರ್ದೇಶಿಸಿದ 'ಮಜದೂರ್' ಚಿತ್ರಕ್ಕೆ ಅವರು ಕಥೆ ಬರೆದರು. ಗಿರಣಿ ಕಾರ್ಮಿಕರ ಮುಷ್ಕರವನ್ನು ತೋರಿಸಿದ ಆ ಚಿತ್ರ ಸೆನ್ಸಾರಿನ ಕತ್ತರಿಗೂ ಪ್ರದರ್ಶನದ ತಡೆಗಳಿಗೂ ಗುರಿಯಾಯಿತು. ತೆರೆಯ ಮೇಲೆ ಮುಷ್ಕರದ ಕಥೆ, ಬನಾರಸಿನ ಸ್ವಂತ ಮುದ್ರಣಾಲಯದಲ್ಲಿ ಮುಷ್ಕರ ಎರಡೂ ಒಂದೇ ವರ್ಷದ ಘಟನೆಗಳು. ಚಿತ್ರರಂಗದ ವಾತಾವರಣ ಅವರಿಗೆ ಒಗ್ಗಲಿಲ್ಲ. ಒಪ್ಪಂದದ ಅವಧಿ ಪೂರ್ಣಗೊಳ್ಳುವ ಮೊದಲೇ, 1935ರ ಏಪ್ರಿಲಿನಲ್ಲಿ, ಅವರು ಮುಂಬಯಿಯನ್ನು ತೊರೆದರು.

ಮುಂಬಯಿ ವಾಸದ ನಡುವೆ ಕೈಗೊಂಡ ದಕ್ಷಿಣದ ಪ್ರವಾಸ ಕನ್ನಡ ನಾಡಿನ ದೃಷ್ಟಿಯಿಂದ ಸ್ಮರಣೀಯ. ಮದರಾಸಿನ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪದವೀದಾನ ಸಮಾರಂಭಕ್ಕಾಗಿ 1934ರ ಡಿಸೆಂಬರಿನಲ್ಲಿ ಪತ್ನಿ ಹಾಗೂ ಪ್ರಕಾಶಕ ನಾಥೂರಾಮ ಪ್ರೇಮಿಯವರೊಡನೆ ಬಂದ ಅವರು, ಅಲ್ಲಿಂದ ಮೈಸೂರು ಮತ್ತು ಬೆಂಗಳೂರುಗಳಿಗೂ ಭೇಟಿ ನೀಡಿದರು. ಹಿಂದಿಯನ್ನು ಸಂಸ್ಕೃತ ಪದಗಳಿಂದ ಭಾರವಾಗಿಸದೆ, ಉರ್ದುವಿನಿಂದ ದೂರ ಸರಿಸದೆ, ಆಡುಮಾತಿಗೆ ಹತ್ತಿರವಿರಿಸಬೇಕೆಂಬುದು ಆ ವರ್ಷಗಳಲ್ಲಿ ಅವರು ಪ್ರತಿಪಾದಿಸುತ್ತಿದ್ದ ನಿಲುವು. ಭಾರತೀಯ ಭಾಷೆಗಳ ಲೇಖಕರು ಪರಸ್ಪರ ಅಪರಿಚಿತರಾಗಿ ಉಳಿದಿದ್ದಾರೆಂಬ ಕೊರಗು ಅವರಲ್ಲಿತ್ತು. 1935ರ ಅಕ್ಟೋಬರಿನಿಂದ 'ಹಂಸ'ವನ್ನು ಭಾರತೀಯ ಸಾಹಿತ್ಯ ಪರಿಷತ್ತಿನ ಮುಖಪತ್ರವಾಗಿಸಿ, ಕೆ.ಎಂ. ಮುನ್ಶಿಯವರೊಡನೆ ಸಂಪಾದಿಸಿ, ಇತರ ಭಾಷೆಗಳ ಸಾಹಿತ್ಯವನ್ನು ಹಿಂದಿ ಓದುಗರಿಗೆ ಒದಗಿಸಲು ನಡೆಸಿದ ಪ್ರಯತ್ನಕ್ಕೂ ಈ ಕೊರಗೇ ಹಿನ್ನೆಲೆ.

'ಗೋದಾನ'ದ ಲೆಕ್ಕ

ಸಾಲದ ಈ ಸುದೀರ್ಘ ಅನುಭವ ಸಂಪೂರ್ಣ ಕಲಾರೂಪ ತಾಳಿದ್ದು 1936ರಲ್ಲಿ ಪ್ರಕಟವಾದ 'ಗೋದಾನ'ದಲ್ಲಿ. ಅವಧ ಪ್ರಾಂತದ ಬೇಲಾರಿ ಗ್ರಾಮದ ಹೋರಿ ಮಹತೋ ಎಂಬ ಸಣ್ಣ ರೈತನಿಗೆ ಮನೆಯಂಗಳದಲ್ಲಿ ಒಂದು ಹಸುವನ್ನು ಕಟ್ಟಬೇಕೆಂಬುದಷ್ಟೇ ಆಸೆ. ಹಸು ಉದ್ರಿಯಲ್ಲಿ ಬರುತ್ತದೆ. ಅಸೂಯೆಯಿಂದ ಕುದಿಯುವ ತಮ್ಮನ ವಿಷಕ್ಕೆ ಬಲಿಯಾಗುತ್ತದೆ. ಅದರ ಸಾಲ ಮಾತ್ರ ಉಳಿಯುತ್ತದೆ.

ಕಾದಂಬರಿಯಲ್ಲಿ ಸಾಲದ ಅಂಕಿಗಳು ನಿಖರವಾಗಿವೆ. ಎತ್ತಿಗಾಗಿ ತಂದ ಅರವತ್ತು ರೂಪಾಯಿಗೆ ಹೋರಿ ಅಷ್ಟೇ ಮೊತ್ತವನ್ನು ಈಗಾಗಲೇ ಕಟ್ಟಿದ್ದರೂ ಅರವತ್ತು ಹಾಗೆಯೇ ಉಳಿದಿದೆ. ಆಲೂಗಡ್ಡೆ ಬಿತ್ತನೆಗೆ ಪುರೋಹಿತ ದಾತಾದೀನನಿಂದ ತಂದ ಮೂವತ್ತು ಮೂರು ವರ್ಷಗಳಲ್ಲಿ ನೂರಾಗಿದೆ. ಆ ಬೆಳೆಯನ್ನು ಕಳ್ಳರು ಅಗೆದೊಯ್ದಿದ್ದರು. ಮಗ ಗೋಬರನು ಕರೆತಂದ ಗರ್ಭಿಣಿ ಝುನಿಯಾಳಿಗೆ ಹೋರಿ ಮತ್ತು ಧನಿಯಾ ಆಶ್ರಯ ಕೊಟ್ಟಾಗ ಊರ ಪಂಚಾಯಿತಿ ನೂರು ರೂಪಾಯಿ ಮತ್ತು ಮೂವತ್ತು ಮಣ ಧಾನ್ಯದ ದಂಡ ವಿಧಿಸುತ್ತದೆ. ಕಣದಲ್ಲಿದ್ದ ಧಾನ್ಯ ಪಂಚರ ಮನೆ ಸೇರುತ್ತದೆ. ದಂಡ ತೆರಲು ಹೋರಿ ಮನೆಯನ್ನು ಒತ್ತೆ ಇಡುತ್ತಾನೆ. ಜಾತಿ, ಧರ್ಮ, ಕಂದಾಯ, ಲೇವಾದೇವಿ ಇವು ಪ್ರತ್ಯೇಕ ಶಕ್ತಿಗಳಾಗಿ ಕಾಣದೆ ಒಂದೇ ಲೆಕ್ಕಪುಸ್ತಕದ ಬೇರೆ ಬೇರೆ ಕಲಮುಗಳಾಗಿ ಕಾಣುತ್ತವೆ.

ಈ ಜಾಲದಲ್ಲಿ ಒಬ್ಬನೇ ಖಳನಾಯಕನಿಲ್ಲ. ಹೋರಿಯಿಂದ ಕಾಣಿಕೆ ವಸೂಲು ಮಾಡುವ ಜಮೀನ್ದಾರ ರಾಯಸಾಹೇಬ ಅಮರಪಾಲಸಿಂಹನೂ ಸಾಲದಲ್ಲಿ ಮುಳುಗಿದ್ದಾನೆ. ಆತನ ಮೇಲೆ ನಗರದ ಬ್ಯಾಂಕು ಮತ್ತು ಸಕ್ಕರೆ ಗಿರಣಿಯ ಒಡೆಯ ಖನ್ನಾ ಇದ್ದಾನೆ. ಖನ್ನಾನ ಗಿರಣಿಯೂ ಮುಷ್ಕರ ಮತ್ತು ಬೆಂಕಿಗೆ ಸಿಲುಕಿ ನಾಶವಾಗುತ್ತದೆ. 'ಗೋದಾನ'ದಲ್ಲಿ ನಗರದ ಭಾಗ ಹಳ್ಳಿಯ ಭಾಗದೊಡನೆ ಬೆಸೆದುಕೊಂಡಿಲ್ಲವೆಂಬ ಆಕ್ಷೇಪ ವಿಮರ್ಶೆಯಲ್ಲಿ ಹಳೆಯದು. ಸಾಲದ ದೃಷ್ಟಿಯಿಂದ ಓದಿದಾಗ ಆ ಆಕ್ಷೇಪ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ: ಹಳ್ಳಿಯ ಬಡ್ಡಿಯೂ ನಗರದ ಬಂಡವಾಳವೂ ಒಂದೇ ಸರಪಳಿಯ ಕೊಂಡಿಗಳು. ಸಾಲಗಾರರೂ ಒಡೆಯರೂ ಆಗಿದ್ದು ಎರಡು ಕಡೆಯ ಒತ್ತಡವನ್ನೂ ಅನುಭವಿಸಿದ ಮುದ್ರಣಾಲಯದ ಮಾಲೀಕರಿಗೆ ಈ ಸರಪಳಿ ಸ್ಪಷ್ಟವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಹೋರಿಯನ್ನು ಲೇಖಕರ ಪ್ರತಿಬಿಂಬವೆಂದು ಭಾವಿಸುವುದು ತಪ್ಪಾಗುತ್ತದೆ. ಪ್ರೇಮಚಂದರಿಗೆ ಶಿಕ್ಷಣವಿತ್ತು, ಬಿಟ್ಟುಬಿಡಲು ನೌಕರಿಯಿತ್ತು, ನಷ್ಟದಲ್ಲಾದರೂ ನಡೆಸಲು ಪತ್ರಿಕೆಯಿತ್ತು. ಹೋರಿಗೆ ಇಂತಹ ಯಾವ ಆಯ್ಕೆಯೂ ಇರಲಿಲ್ಲ. ತಮ್ಮ ಸಂಕಟವನ್ನು ಅಳತೆಗೋಲಾಗಿಸಿಕೊಂಡು, ಅದಕ್ಕಿಂತ ಆಳವಾದ ಸಂಕಟವನ್ನು ಅಳೆದದ್ದು ಕಾದಂಬರಿಕಾರರ ಸಾಧನೆ.

ಕನ್ನಡದಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' 'ಗೋದಾನ'ಕ್ಕಿಂತ ಮೂರು ವರ್ಷ ಮೊದಲು, 1933ರಲ್ಲಿ ಪ್ರಕಟವಾಗಿತ್ತು. ಚೋಮನಿಗೆ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಹೋರಿಗೆ ತುಂಡು ಭೂಮಿಯಿದೆ, ಹಸುವಿಲ್ಲ. ಚೋಮನ ಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ; ಹೋರಿಯ ಮಗ ಲಖನೌ ನಗರದ ದುಡಿಮೆಗೆ ಹೋಗುತ್ತಾನೆ. ಎರಡು ಭಾಷೆಗಳ ಲೇಖಕರು ಪರಸ್ಪರ ಪ್ರಭಾವವಿಲ್ಲದೆ, ಆರ್ಥಿಕ ಮುಗ್ಗಟ್ಟಿನ ಅದೇ ವರ್ಷಗಳಲ್ಲಿ, ಈಡೇರದ ಒಂದು ಸಣ್ಣ ಆಸೆಯ ಸುತ್ತ ಗ್ರಾಮಜೀವನದ ಸಮಗ್ರ ಚಿತ್ರವನ್ನು ಕಟ್ಟಿದ್ದು ತೌಲನಿಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ. ಚೋಮ ದಲಿತ, ಹೋರಿ ಸವರ್ಣ ಸಮಾಜದ ಅಂಚಿನಲ್ಲಿರುವ ರೈತ ಎಂಬ ಭೇದವನ್ನು ಮಾತ್ರ ಅಂತಹ ಅಧ್ಯಯನ ಮರೆಯಲಾಗದು. ಹೋರಿಗೆ ಜಾತಿಯಿಂದ ಹೊರಹಾಕುವ ಬೆದರಿಕೆಯಿದೆ. ಚೋಮನಿಗೆ ಒಳಬರುವ ಬಾಗಿಲೇ ಇಲ್ಲ.

ಕೊನೆಯ ತಿಂಗಳುಗಳು

1936 ಪ್ರೇಮಚಂದರ ಬದುಕಿನ ಕೊನೆಯ ವರ್ಷ. ಏಪ್ರಿಲಿನಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪ್ರಗತಿಶೀಲ ಲೇಖಕರ ಪ್ರಥಮ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಸೌಂದರ್ಯದ ಮಾನದಂಡಗಳನ್ನೇ ಬದಲಿಸಬೇಕೆಂದು ವಾದಿಸಿದರು. ಕೆಲವೇ ವಾರಗಳಲ್ಲಿ ಹಳೆಯ ಉದರವ್ಯಾಧಿ ಉಲ್ಬಣಿಸಿತು. ಜೂನ್ ತಿಂಗಳಲ್ಲಿ ಗಾರ್ಕಿ ತೀರಿಕೊಂಡಾಗ, ಮೆಟ್ಟಿಲು ಹತ್ತಲೂ ಕಷ್ಟವಾಗುತ್ತಿದ್ದ ಸ್ಥಿತಿಯಲ್ಲಿ ಅವರು ಸಂತಾಪಭಾಷಣವನ್ನು ಬರೆದುಕೊಂಡು ಸಭೆಗೆ ಹೋದರು.

ಅದೇ ಅವಧಿಯಲ್ಲಿ 'ಹಂಸ'ದಲ್ಲಿ ಪ್ರಕಟವಾದ ಸೇಠ್ ಗೋವಿಂದದಾಸರ ನಾಟಕವೊಂದರ ಕಾರಣಕ್ಕೆ ಸರ್ಕಾರ ಒಂದು ಸಾವಿರ ರೂಪಾಯಿ ಮುಚ್ಚಳಿಕೆ ಹಣವನ್ನು ಕೇಳಿತು. ಪರಿಷತ್ತು ಪತ್ರಿಕೆಯನ್ನು ಮುಂದುವರಿಸಲು ಹಿಂಜರಿಯಿತು. ಹಾಸಿಗೆ ಹಿಡಿದಿದ್ದ ಪ್ರೇಮಚಂದರು ಪತ್ರಿಕೆಯನ್ನು ಮರಳಿ ಪಡೆದು, ಮುಚ್ಚಳಿಕೆ ಹಣ ಕಟ್ಟುವ ಏರ್ಪಾಡು ಮಾಡಿ, ಮತ್ತೆ ಹೊರತಂದರು. ಆ ತಿಂಗಳುಗಳ ಪ್ರಬಂಧ 'ಮಹಾಜನೀ ಸಭ್ಯತಾ' ಹಣವೇ ಎಲ್ಲ ಸಂಬಂಧಗಳ ಅಳತೆಯಾದ ನಾಗರಿಕತೆಯನ್ನು ಖಂಡಿಸುತ್ತದೆ. ಅದನ್ನು 'ಗೋದಾನ'ದ ತಾತ್ತ್ವಿಕ ಉಪಸಂಹಾರವೆಂದೇ ಪರಿಗಣಿಸಬಹುದು. ಲೇಖಕನೊಬ್ಬನ ಜೀವನವನ್ನೇ ವಸ್ತುವಾಗುಳ್ಳ 'ಮಂಗಳಸೂತ್ರ' ಕಾದಂಬರಿ ಕೆಲವೇ ಅಧ್ಯಾಯಗಳಿಗೆ ನಿಂತಿತು. 1936ರ ಅಕ್ಟೋಬರ್ 8ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಬನಾರಸಿನಲ್ಲಿ ಅವರು ಕೊನೆಯುಸಿರೆಳೆದರು. ಹಿಂದಿನ ರಾತ್ರಿ ಬಳಿಯಿದ್ದ ಕಾದಂಬರಿಕಾರ ಜೈನೇಂದ್ರಕುಮಾರರೊಡನೆ ಅವರು ಆಡಿದ ಮಾತುಗಳಲ್ಲಿಯೂ 'ಹಂಸ'ದ ಭವಿಷ್ಯದ ಚಿಂತೆಯಿತ್ತು.

ಪರಂಪರೆ ಮತ್ತು ವಿವಾದ

ಪ್ರೇಮಚಂದರು ಬಿಟ್ಟುಹೋದ ಆಸ್ತಿ ಒಂದು ಡಜನ್ನಿನಷ್ಟು ಕಾದಂಬರಿಗಳು ಮತ್ತು ಸುಮಾರು ಮುನ್ನೂರು ಕಥೆಗಳು. ಅವರ ಪುತ್ರ ಅಮೃತರಾಯರು 1962ರಲ್ಲಿ ಪ್ರಕಟಿಸಿದ 'ಕಲಮ್ ಕಾ ಸಿಪಾಹಿ' ಎಂಬ ಜೀವನಚರಿತ್ರೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಮದನ ಗೋಪಾಲರು ಪತ್ರಗಳ ಸಂಗ್ರಹಕ್ಕಾಗಿ ದಶಕಗಳ ಕಾಲ ದುಡಿದು, ಮುಂದೆ ಉರ್ದು ಸಮಗ್ರ ಕೃತಿಗಳನ್ನು 24 ಸಂಪುಟಗಳಲ್ಲಿ ಸಂಪಾದಿಸಿದರು. 'ಗೋದಾನ'ವು ಗೋರ್ಡನ್ ರೋಡರ್ಮೆಲರ 1968ರ ಇಂಗ್ಲಿಷ್ ಅನುವಾದದ ಮೂಲಕ ವಿಶ್ವದ ಓದುಗರನ್ನು ತಲುಪಿತು. ಮೃಣಾಲ್ ಸೇನರು 'ಕಫನ್' ಕಥೆಯನ್ನು ತೆಲುಗಿನ 'ಒಕ ಊರಿ ಕಥಾ' (1977) ಚಿತ್ರವಾಗಿಸಿದರೆ, ಸತ್ಯಜಿತ್ ರಾಯರು 'ಶತರಂಜ್ ಕೆ ಖಿಲಾಡಿ' (1977) ಮತ್ತು 'ಸದ್ಗತಿ' (1981) ಚಿತ್ರಗಳನ್ನು ನಿರ್ಮಿಸಿದರು. 'ಹಂಸ' ಪತ್ರಿಕೆಗೆ ರಾಜೇಂದ್ರ ಯಾದವರು 1986ರಲ್ಲಿ ಪುನರ್ಜನ್ಮ ನೀಡಿದರು. ಲೇಖಕರ ಮರಣದ ಅರವತ್ತು ವರ್ಷಗಳ ನಂತರ ಕೃತಿಸ್ವಾಮ್ಯ ಕೊನೆಗೊಂಡು, 1997ರಿಂದ ಯಾವ ಪ್ರಕಾಶಕರಾದರೂ ಅವರ ಕೃತಿಗಳನ್ನು ಮುದ್ರಿಸಬಹುದಾಯಿತು. ಅಗ್ಗದ ಆವೃತ್ತಿಗಳು ಅವರನ್ನು ರೈಲು ನಿಲ್ದಾಣದ ಪುಸ್ತಕದಂಗಡಿಗೂ ತಲುಪಿಸಿದವು. ಹಿಂದಿ, ಉರ್ದು ಪಾಠಗಳ ನಡುವಿನ ವ್ಯತ್ಯಾಸಗಳನ್ನು ಗಮನಿಸದೆ ಅಚ್ಚಾಗುವ ಪ್ರತಿಗಳು ಗ್ರಂಥಸಂಪಾದನೆಯ ಹೊಸ ಸಮಸ್ಯೆಗಳನ್ನೂ ತಂದವು.

ಈ ಪರಂಪರೆಯನ್ನು ಕುರಿತ ಎರಡು ವಿವಾದಗಳು ಇಲ್ಲಿ ಪ್ರಸ್ತುತ. ಮೊದಲನೆಯದು ಬಡತನದ ಪ್ರಶ್ನೆ. ಕಮಲಕಿಶೋರ ಗೋಯಂಕಾ ಅವರು ಬ್ಯಾಂಕಿನ ದಾಖಲೆ, ಒಪ್ಪಂದ, ಪತ್ರಗಳನ್ನು ಮುಂದಿಟ್ಟು, ಪ್ರೇಮಚಂದರು ಜೀವನವಿಡೀ ಕಡುಬಡವರಾಗಿದ್ದರೆಂಬುದು ಐತಿಹ್ಯವೆಂದು ವಾದಿಸಿದರು. ಪ್ರಗತಿಶೀಲ ವಿಮರ್ಶಕರು ಇದನ್ನು ತೀವ್ರವಾಗಿ ವಿರೋಧಿಸಿದರು. ಎರಡು ಪಕ್ಷಗಳೂ ಬಡತನವನ್ನು ಲೇಖಕರ ನೈತಿಕತೆಗೆ ಪ್ರಮಾಣಪತ್ರವೆಂಬಂತೆ ಪರಿಗಣಿಸಿದ್ದರಿಂದ ಚರ್ಚೆ ದಾರಿತಪ್ಪಿತೆನ್ನಬೇಕು. ಕೈಯಲ್ಲಿ ಹಣ ಬರುವುದಕ್ಕೂ ಸಾಲದಿಂದ ಮುಕ್ತರಾಗುವುದಕ್ಕೂ ಸಂಬಂಧವಿಲ್ಲವೆಂಬುದನ್ನು ಮುಂಬಯಿಯ ಎಂಟು ಸಾವಿರ ರೂಪಾಯಿಯ ಒಪ್ಪಂದವೇ ತೋರಿಸುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಹಣವಿದ್ದ ಕಾಲದಲ್ಲಿಯೂ ಮುದ್ರಣಾಲಯದ ಹೊಣೆ ಅವರನ್ನು ಬಿಡಲಿಲ್ಲ. ದಾಖಲೆಗಳು ಅವರ ಗೌರವವನ್ನು ಕುಂದಿಸುವುದಿಲ್ಲ. ಅವರ ಸಂಕಟ ಯಾವ ಬಗೆಯದೆಂಬುದನ್ನು ಹೆಚ್ಚು ನಿಖರವಾಗಿ ತಿಳಿಸುತ್ತವೆ.

ಎರಡನೆಯದು ದಲಿತ ವಿಮರ್ಶೆ ಎತ್ತಿದ ಪ್ರಶ್ನೆ. ಹೆಂಡತಿ ಮತ್ತು ಸೊಸೆಯಾದವಳು ಒಳಗೆ ಹೆರಿಗೆ ನೋವಿನಿಂದ ಸಾಯುತ್ತಿರುವಾಗ ಆಲೂಗಡ್ಡೆ ಸುಟ್ಟು ತಿನ್ನುವ ಘೀಸೂ ಮತ್ತು ಮಾಧವರನ್ನು 'ಕಫನ್' ಚಿತ್ರಿಸಿದ ರೀತಿಯನ್ನು ಓಂಪ್ರಕಾಶ ವಾಲ್ಮೀಕಿಯವರಂತಹ ದಲಿತ ಲೇಖಕರು ಪ್ರಶ್ನಿಸಿದರು. 2004ರ ಜುಲೈ 31ರಂದು, ಲೇಖಕರ ಜನ್ಮದಿನದಂದೇ, ದೆಹಲಿಯಲ್ಲಿ ದಲಿತ ಸಾಹಿತ್ಯ ಸಂಘಟನೆಯೊಂದರ ಸದಸ್ಯರು 'ರಂಗಭೂಮಿ'ಯ ಪ್ರತಿಗಳನ್ನು ಸುಟ್ಟರು. ಸೂರದಾಸನನ್ನು ಜಾತಿಸೂಚಕ ಪದದಿಂದ ಮತ್ತೆ ಮತ್ತೆ ಕರೆದಿರುವುದು ಅವರ ಆಕ್ಷೇಪ. ಪ್ರೇಮಚಂದರ ಪುಸ್ತಕ ಸುಡಲ್ಪಟ್ಟದ್ದು ಇದು ಮೊದಲಲ್ಲವಾದರೂ ಎರಡು ಘಟನೆಗಳನ್ನು ಸಮಾನವೆಂದು ಪರಿಗಣಿಸುವಂತಿಲ್ಲ. ಹಮೀರಪುರದಲ್ಲಿ ಪ್ರಭುತ್ವ ತನ್ನ ವಿಮರ್ಶಕನ ಬಾಯಿ ಮುಚ್ಚಿಸಿತು; ದೆಹಲಿಯಲ್ಲಿ, ಶತಮಾನಗಳ ಕಾಲ ಇತರರ ಬರಹದ ವಸ್ತುವಾಗಿಯೇ ಉಳಿದವರು ತಮ್ಮನ್ನು ಚಿತ್ರಿಸುವ ಹಕ್ಕು ಯಾರದೆಂದು ಕೇಳಿದರು. ಸುಡುವ ಕ್ರಮವನ್ನು ಒಪ್ಪದಿರುವುದು ಸಾಧ್ಯ, ಪ್ರಶ್ನೆಯನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಹೊರಗಿನಿಂದ ಬರುವ ಸಹಾನುಭೂತಿಯ ಮಿತಿಯೆಲ್ಲಿ ಎಂಬ ಆ ಪ್ರಶ್ನೆ 'ಚೋಮನ ದುಡಿ'ಯ ಓದಿಗೂ ಅನ್ವಯಿಸುತ್ತದೆ.

ಉಪಸಂಹಾರ

ಪ್ರೇಮಚಂದರ ಬದುಕಿನಲ್ಲಿ ಸರ್ಕಾರ, ಪ್ರಕಾಶಕರು, ಮುದ್ರಣಾಲಯ, ಚಲನಚಿತ್ರ ಇವೆಲ್ಲವೂ ಬೇರೆ ಬೇರೆ ರೂಪದಲ್ಲಿ ಒಂದೇ ಬೇಡಿಕೆಯನ್ನು ಇಟ್ಟವು: ಜೀವನಾಧಾರಕ್ಕೆ ಪ್ರತಿಯಾಗಿ ಲೇಖನಿಯ ಸ್ವಾತಂತ್ರ್ಯ. ಆ ಬೇಡಿಕೆಯನ್ನು ನಿರಾಕರಿಸಲು ಅವರು ಸಾಲವನ್ನು ಆಯ್ದುಕೊಂಡರು. ಆ ಆಯ್ಕೆಯ ಭಾರವನ್ನು ಅವರೊಡನೆ ಶಿವರಾಣಿ ದೇವಿಯವರೂ ಮುದ್ರಣಾಲಯದ ಕಾರ್ಮಿಕರೂ ಹೊತ್ತರು. ಹರಿದ ಪಾದರಕ್ಷೆಯ ಚಿತ್ರದಲ್ಲಿ ಇವರು ಹೊತ್ತ ಭಾರ ಕಾಣುವುದಿಲ್ಲ. ಲೇಖಕರನ್ನು ಸಂತನ ಪೀಠದಿಂದ ಇಳಿಸಿ, ಬಾಕಿ ಉಳಿಸಿಕೊಂಡ ಒಡೆಯರಾಗಿ, ಮೊದಲ ಪತ್ನಿಗೆ ನ್ಯಾಯ ಸಲ್ಲಿಸದ ಪತಿಯಾಗಿ, ಆದರೂ ಕೊನೆಯವರೆಗೆ ಬರೆಯುವುದನ್ನು ಬಿಡದ ದುಡಿಮೆಗಾರರಾಗಿ ಕಾಣುವುದರಿಂದ ಅವರ ಕೃತಿಗಳ ಘನತೆ ಕುಗ್ಗುವುದಿಲ್ಲ. 'ಗೋದಾನ'ದ ಕೊನೆಯಲ್ಲಿ ಸುಡುಬಿಸಿಲಿನಲ್ಲಿ ಕೂಲಿ ಮಾಡಿ ಕುಸಿದ ಹೋರಿ ಸಾಯುತ್ತಿರುವಾಗ, ಹಗ್ಗ ಹೊಸೆದು ಗಳಿಸಿದ ಇಪ್ಪತ್ತು ಆಣೆಗಳನ್ನು ಧನಿಯಾ ಅವನ ತಣ್ಣಗಾದ ಕೈಯಲ್ಲಿಟ್ಟು, ಇದೇ ಇವರ ಗೋದಾನವೆಂದು ಎದುರಿಗಿದ್ದ ಪುರೋಹಿತನಿಗೆ ಹೇಳುತ್ತಾಳೆ. ಆ ಪುರೋಹಿತ ಹೋರಿಗೆ ಸಾಲ ಕೊಟ್ಟಿದ್ದ ದಾತಾದೀನನೇ. ಸತ್ತ ಮೇಲೂ ತೀರದ ಆ ಲೆಕ್ಕವನ್ನು ಇಷ್ಟು ಶಾಂತವಾಗಿ, ಇಷ್ಟು ನಿಖರವಾಗಿ ಬರೆದಿಟ್ಟದ್ದೇ ಪ್ರೇಮಚಂದರು ಭಾರತೀಯ ಕಾದಂಬರಿಗೆ ಬಿಟ್ಟುಹೋದ ನಿಜವಾದ ಆಸ್ತಿ.